ಬಿಸಿಲಿಗೆ ಅರಳುವ ಬಟ್ಟೆ

ಕಮಲಾಪುರದ ಕಾಲೇಜು ಅಂಗಳದಲ್ಲಿ ಕೊನೆಯ ಹಗ್ಗ ಜಗ್ಗಿ ಗೂಟಕ್ಕೆ ಬಿಗಿದ ಕರೀಂಸಾಬ್, ಹಿಂದೆ ಸರಿದು ನಿಂತು ತನ್ನ ಶಾಮಿಯಾನವನ್ನು ಕಣ್ತುಂಬ ನೋಡಿದ. ಹೊಚ್ಚ ಹೊಸದು, ಕೆಂಪು ಝಾಲರಿಯದು. ದರ್ಗಾದ ಉರುಸಿಗೆಂದು ತರಿಸಿದ್ದು, ಇನ್ನೂ ಯಾರ ಮದುವೆಗೂ ಬಿಚ್ಚಿರಲಿಲ್ಲ. ಅದರಡಿ ಕಂಬಗಳ ನಡುವೆ ತೂಗುತ್ತಿದ್ದುದು ಇಲ್ಲೇ ಚಿತ್ರಕಲೆ ಕಲಿಸುವ ಅವನ ಮಗಳು ಆಸ್ಮಾ ಹೊಲಿದ ದೊಡ್ಡ ಬಟ್ಟೆ, ಮೈತುಂಬ ಬಣ್ಣದ ಎಸಳುಗಳದು. ಇವತ್ತು ಅದರ ಉದ್ಘಾಟನೆ. ಅಂಥ ಬಟ್ಟೆಯನ್ನು ಬಿಸಿಲಿಗೆ ಬಿಟ್ಟು ಬಣ್ಣ ಹಾಳುಮಾಡುವುದೆ? ಕಲಬುರಗಿಯ ರೋಜಾ ಬಡಾವಣೆಯಲ್ಲಿ ಟೆಂಟ್ ಅಂಗಡಿ ಇಟ್ಟವನಿಗೆ ಅಷ್ಟೂ ತಿಳಿಯುವುದಿಲ್ಲವೆ!

ಆ ಬಟ್ಟೆಯ ಬಗ್ಗೆ ಆಸ್ಮಾ ಮನೆಯಲ್ಲಿ ಎಷ್ಟೋ ಸಲ ಹೇಳಲು ಹೊರಟಿದ್ದಳು. ಅವಳು ಎರಡು ಮಾತಾಡುವಷ್ಟರಲ್ಲಿ ಇವನ ಎದೆ ಉಬ್ಬಿಬಿಡುತ್ತಿತ್ತು. ಉಳಿದದ್ದನ್ನು ಕೇಳುವ ಪುರುಸೊತ್ತೆಲ್ಲಿ, ಚಹಾದಂಗಡಿಯಲ್ಲಿ ನಾಲ್ಕು ಜನರಿಗೆ ಹೇಳಬೇಕಲ್ಲ!

ಕಲಬುರಗಿಯಿಂದ ಅತಿಥಿಗಳ ಜೊತೆ ಕಾರಿನಲ್ಲಿ ಬಂದಿಳಿದ ಆಸ್ಮಾ ಶಾಮಿಯಾನ ನೋಡಿದಳು. ಮುಖ ಸಣ್ಣದಾಯಿತು. ಬಟ್ಟೆಯ ನೂರಾರು ಎಸಳುಗಳು ನೆರಳಿನಲ್ಲಿ ಮುದುಡಿ ಜೋತುಬಿದ್ದಿದ್ದವು.

"ಹೆಂಗದ ಬೇಟಾ? ನಿನಗಂತನೇ ಹೊಸಾದು ಹಾಕೀನಿ."

"ಭಾಳ ಛಂದ ಅದ ಅಬ್ಬಾ," ಎಂದಳು, ಅಷ್ಟೇ.

ಪ್ರಿನ್ಸಿಪಾಲ್ ದೇವಿಂದ್ರಪ್ಪ ಒಂದು ಎಸಳು ಮುಟ್ಟಿ ನೋಡಿದರು. "ಏನ್ರೀ ಆಸ್ಮಾ ಮೇಡಂ, ತಾನೇ ಅರಳ್ತದ ಅಂದಿದ್ರಿ. ಒಂದೂ ಅಲಗಾಡವಲ್ದಲ್ಲ!"

ಆಸ್ಮಾ ತಂದೆಯ ಕಡೆ ಒಮ್ಮೆ ನೋಡಿದಳು. "ಏನೋ ಕೆಟ್ಟದ ಅನಸ್ತದ್ರೀ ಸರ್. ನಂದೇ ತಪ್ಪು."

ಅತಿಥಿಗಳು ಮುಖ ಮುಖ ನೋಡಿಕೊಂಡರು. ಮಗಳು ತನ್ನ ಕೆಲಸವನ್ನು ತಾನೇ ಹಳಿದುಕೊಂಡದ್ದು ಕರೀಂಸಾಬನ ಕರುಳಿಗೆ ಚುಚ್ಚಿತು. ಅವಳನ್ನು ಬದಿಗೆ ಕರೆದ.

"ಖರೆ ಹೇಳು. ಏನಾಗ್ಯಾದ?"

"ಒಳಗ ಒಂದು ನಮೂನಿ ಸಣ್ಣ ತಂತಿ ಇಟ್ಟು ಹೊಲದೀನಿ ಅಬ್ಬಾ. ಬಿಸಲಿಗಿ ಕಾದ್ರ ತಂತಿ ಬಾಗ್ತಾವ, ಎಸಳು ಅರಳ್ತಾವ. ನೆಳ್ಳಾದ್ರ ಮುಚಗೊಂತಾವ."

"ಮೊದಲೇ ಹೇಳಬಾರದೇನು?"

"ನೀವು ನಿಂತು ಕೇಳಿದ್ರ ತಾನೇ!"

ಕರೀಂಸಾಬನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಹೋಗಿ ಗೂಟದ ಹಗ್ಗ ಬಿಚ್ಚಿದ. ಆಳುಗಳನ್ನು ಕೂಗಿ, ಉರುಸಿನ ಆ ಶಾಮಿಯಾನವನ್ನು ಎಲ್ಲರೆದುರೇ ಒಂದು ಬದಿಗೆ ಎಳೆಸಿ ನೆಲಕ್ಕೆ ಹಾಕಿಸಿದ. ರಣಬಿಸಿಲು ಧಗ್ಗನೆ ಅಂಗಳಕ್ಕಿಳಿಯಿತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಂಚಿನ ಒಂದು ಎಸಳು ಮಿಸುಕಿತು. ಅದರ ಪಕ್ಕದ್ದು ತಲೆ ಎತ್ತಿತು. ನೋಡನೋಡುತ್ತ ಅರಿಸಿನ, ಕುಂಕುಮ, ನೀಲಿ ಎಲ್ಲ ಒಂದೊಂದಾಗಿ ಬಿಚ್ಚಿಕೊಂಡು ಅಂಗಳದ ಮೇಲೆಲ್ಲ ಅರಳಿ ನಿಂತವು. ಜನ ಕುರ್ಚಿ ಬಿಟ್ಟೆದ್ದು ಚಪ್ಪಾಳೆ ತಟ್ಟಿದರು. ಕರೀಂಸಾಬ್ ತಲೆ ಎತ್ತಿ ನೋಡುತ್ತಲೇ ನಿಂತ. ಇದನ್ನು ಮಾಡಿದವಳು ತನ್ನ ಮಗಳು!

ದೇವಿಂದ್ರಪ್ಪ ಹಣೆ ಒರೆಸಿಕೊಳ್ಳುತ್ತ ಹತ್ತಿರ ಬಂದರು. "ಕರೀಂಸಾಬ್, ಬಿಸಲು ಭಾಳ ಅದ. ಅತಿಥಿಗಳಿಗರೆ ಒಂದು ಮೂಲ್ಯಾಗ ನೆಳ್ಳು ಮಾಡ್ರಿ."

"ನೆಳ್ಳು ದಿನಾ ಕೊಡ್ತೀನ್ರೀ ಸರ್." ಕರೀಂಸಾಬ್ ಮೇಲಿನ ಎಸಳುಗಳಿಂದ ಕಣ್ಣು ಕೀಳಲಿಲ್ಲ. "ಇವತ್ತಿನ ಬಿಸಲು ನನ್ನ ಮಗಳ್ದು. ಒಂದೀಟು ತಡಕೋರಿ."