ಓಗೊಡದ ಬೆಳಗು

ಸೊಸೆ ಅವರೆಕಾಯಿ ಸುಲಿಯಲು ಕೂತರೆ ನಾನು ಎದ್ದು ಹಿತ್ತಿಲಿಗೆ ಹೋಗಿಬಿಡುತ್ತೇನೆ. ಆ ಸೊಗಡು ನನಗೆ ಆಗದು.

ಅಂದು ಧನುರ್ಮಾಸದ ಬೆಳಗು, ನನಗೆ ಏಳು ವರ್ಷ. ಕ್ಯಾಲನೂರಿನ ಅತ್ತೆಯ ಮನೆಗೆ ತಾತನ ಜೊತೆ ಹೊರಟಿದ್ದೆ. ಚಾಚಿದ ಕೈ ಕಾಣದಷ್ಟು ಮಂಜು ಕವಿದಿತ್ತು. ಬಾಗಿಲಲ್ಲಿ ಅಜ್ಜಿ ನನ್ನ ತಲೆಗೆ ಕಂಬಳಿ ಹೊದಿಸುತ್ತ, "ತಾತ ಕೂಗಿದಾಗೆಲ್ಲ ಓ ಅನ್ನು ಕಣೇ. ದಾರಿ ಪಕ್ಕದಲ್ಲೇ ಕಪಿಲೆ ಬಾವಿ ಐತೆ, ಕಟ್ಟೆ ಇಲ್ಲ" ಎಂದಳು.

ತಾತ ತಲೆಯ ಮೇಲೆ ಅವರೆಕಾಯಿಯ ಮಂಕರಿ ಹೊತ್ತು, ಕೋಲಿನಿಂದ ದಾರಿ ತಡವುತ್ತ ಮುಂದೆ ನಡೆದ. ಇಬ್ಬನಿಗೆ ನೆನೆದ ಕಾಯಿಯ ಸೊಗಡು ಹಿಡಿದೇ ನಾನು ಹಿಂದೆ ಹೋಗುತ್ತಿದ್ದೆ. ಹತ್ತು ಹೆಜ್ಜೆಗೊಮ್ಮೆ ಅವನು "ಇದ್ದೀಯೇನೇ?" ಎನ್ನುತ್ತಿದ್ದ, ನಾನು "ಓ" ಎನ್ನುತ್ತಿದ್ದೆ.

ಕಾಲು ಮರಗಟ್ಟಿದಾಗ, "ಎತ್ಕೋ ತಾತ" ಎಂದೆ.

"ತಲೆ ಮೇಲೆ ಮಂಕರಿ ಐತಲ್ಲಮ್ಮ, ಹೆಂಗೆ ಎತ್ಕೊಳ್ಳಲಿ? ಇನ್ನೇನು ಬಂದ್ಬಿಡ್ತು, ನಡಿ."

ನನಗೆ ಮುನಿಸು ಬಂತು. ಅಲ್ಲೇ ನಿಂತುಬಿಟ್ಟೆ.

"ಇದ್ದೀಯೇನೇ?"

ಕಂಬಳಿಯೊಳಗೆ ಬಾಯಿ ಬಿಗಿಹಿಡಿದೆ. ಅವನು ಮತ್ತೆ ಕೂಗಿದ, ಇನ್ನೂ ಜೋರಾಗಿ ಕೂಗಿದ. ಆಮೇಲೆ ಮಂಕರಿ ನೆಲಕ್ಕೆ ಬಿದ್ದ ಸದ್ದು ಕೇಳಿತು. ಎತ್ತಿಕೊಳ್ಳಲು ಬರುತ್ತಿದ್ದಾನೆಂದು ಹಿಗ್ಗಿದೆ. ಆದರೆ ಅವನ ಹೆಜ್ಜೆಗಳು ನನ್ನ ಕಡೆಗೆ ಬರಲಿಲ್ಲ, "ಅಯ್ಯೋ, ಬಾವಿ!" ಎನ್ನುತ್ತ ಅತ್ತ ಓಡಿದವು. ಕಲ್ಲು ಜಾರಿದ ಸದ್ದಾಯಿತು, ಹಿಂದೆಯೇ ನೀರಿನ ಸದ್ದು.

ಮಂಜು ಕರಗಿ ಜನ ಬರುವವರೆಗೂ ನಾನು ನಿಂತಲ್ಲೇ ನಿಂತು "ಓ, ತಾತ, ಓ" ಎನ್ನುತ್ತಲೇ ಇದ್ದೆ.