ಒಂದು ರಾತ್ರಿಯ ಗೊರಕೆ

ವ್ಯಾನಿನ ಕೀ ಮೊಳೆಯ ಮೇಲಿರಲಿಲ್ಲ.

ಗಂಡ ಅಂಗಿಯ ಜೇಬು ತಡವಿದ. ಮಂಚದ ಕೆಳಗೆ ಬಗ್ಗಿ ನೋಡಿದ. ಬೆಳಕು ಹರಿಯುತ್ತಿತ್ತು; ದಾರಿಯುದ್ದಕ್ಕೂ ಜನ ಹಾಲಿನ ಕ್ಯಾನು ಇಟ್ಟುಕೊಂಡು ಇವನ ವ್ಯಾನಿಗೆ ಕಾಯುವ ಹೊತ್ತು. ಹೆಂಡತಿ ಬೆನ್ನು ತಿರುಗಿಸಿಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ನೀನೇನಾದ್ರೂ ನೋಡಿದೆಯೇನೇ?"

"ನಾನ್ಯಾಕೆ ನೋಡ್ಲಿ? ಡೈರಿಯಲ್ಲೇ ಬಿಟ್ಟು ಬಂದಿರ್ತೀರಿ. ನಿಮ್ಮ ನಿದ್ದೆಗಣ್ಣಿಗೆ ಏನು ನೆನಪಿರುತ್ತೆ?"

ಕೀ ಡೈರಿಯಲ್ಲೇ ಇತ್ತು, ಮ್ಯಾನೇಜರರ ಮೇಜಿನ ಡ್ರಾಯರಿನಲ್ಲಿ. ಹಿಂದಿನ ಸಂಜೆ ಕರವಸ್ತ್ರದಲ್ಲಿ ಸುತ್ತಿ ಒಯ್ದು ಕೊಟ್ಟವಳು ಅವಳೇ.

ಕೊಡದೆ ಬೇರೆ ದಾರಿಯಿರಲಿಲ್ಲ. ಗಂಡನಿಗೆ ಹಗಲು ನಿದ್ದೆ ಅಂಟಿಕೊಂಡು ವರ್ಷವಾಗುತ್ತ ಬಂದಿತ್ತು. ಕ್ಯಾನು ಇಳಿಸುವಷ್ಟರಲ್ಲಿ ಸ್ಟೇರಿಂಗಿಗೆ ಹಣೆಯಿಟ್ಟು, ಸದ್ದಿಲ್ಲದೆ ನಿದ್ದೆಗೆ ಜಾರುತ್ತಿದ್ದ. ಕಳೆದ ವಾರ ಸೇತುವೆಯ ತಿರುವಿನಲ್ಲಿ ವ್ಯಾನು ಕಲ್ಲುಕಂಬ ಸವರಿ ನಿಂತಿತ್ತು. ಗೇಣು ದೂರದಲ್ಲಿ ಹಳ್ಳ. "ನಾಯಿ ಅಡ್ಡ ಬಂತು" ಎಂದಿದ್ದ. ಅವಳು ನಂಬಿರಲಿಲ್ಲ.

ರಾತ್ರಿಯ ಸುದ್ದಿಯನ್ನು ಪಕ್ಕದ ಮನೆಯ ಅಜ್ಜಿ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಎರಡು ಮನೆಗೂ ನಡುವೆ ಒಂದೇ ಗೋಡೆ.

"ಏನಮ್ಮಾ, ರಾತ್ರಿಯೆಲ್ಲ ಮರ ಕೊಯ್ಯಿಸ್ತೀರಾ ಮನೇಲಿ? ನನ್ನ ಮಂಚ ನಡುಗುತ್ತೆ!"

ಇವಳು ಬಾಯಿ ತೆರೆಯುವ ಮೊದಲೇ ಗಂಡ ನಗುತ್ತ ಮುಂದೆ ಬಂದಿದ್ದ. "ನಂದೇ ಅಜ್ಜಿ. ಈ ಮೂಗು ನೋಡಿ, ಸುಮ್ನೆ ಇರೋ ಮೂಗಾ ಇದು?"

"ನಿನ್ನ ಹೆಂಡ್ತಿ ಹೇಗೆ ತಡ್ಕೊಂಡಿದಾಳಪ್ಪಾ!"

"ಅವಳು ಪುಣ್ಯವಂತೆ ಬಿಡಿ. ಕಣ್ಣು ಮುಚ್ಚಿದ್ರೆ ಮುಗೀತು."

ಪುಣ್ಯವೇನೂ ಇರಲಿಲ್ಲ. ಬೆಳಗೆದ್ದರೆ ಅವಳಿಗೆ ತಲೆ ಸಿಡಿತ, ಬಾಯಿ ಒಣಗಿ ಕಟ್ಟಿಗೆ. ಕಿವಿಯ ಪಕ್ಕದಲ್ಲೇ ಗರಗಸ ಆಡುತ್ತಿದ್ದರೆ ಇನ್ನೇನಾದೀತು? ಎಷ್ಟೋ ಸಲ ಗೊರಕೆಯ ಕೊನೆಯ ಸದ್ದು ಕಿವಿಗೆ ಬಡಿದು ಬೆಚ್ಚಿ ಏಳುತ್ತಿದ್ದಳು. ಆಗೆಲ್ಲ ಗಂಡ ಹಾಸಿಗೆಯಲ್ಲಿ ಎದ್ದು ಕೂತಿರುತ್ತಿದ್ದ. "ನನ್ನ ಗೊರಕೆಗೆ ನನಗೇ ಎಚ್ಚರ ಆಯ್ತು. ನೀನು ಮಲಗು" ಎನ್ನುತ್ತಿದ್ದ. ನಿದ್ದೆಯಲ್ಲಿ ಮೊಣಕೈ ಬೀಸುವ ಚಾಳಿ ಬೇರೆ. ಅವಳ ಎಡಭುಜದ ಮೇಲೆ ಒಂದಲ್ಲ ಒಂದು ನೀಲಿ ಗುರುತು ಇದ್ದೇ ಇರುತ್ತಿತ್ತು.

ಆ ಗುರುತು ಆರೋಗ್ಯ ಕೇಂದ್ರದ ನರ್ಸಮ್ಮನ ಕಣ್ಣಿಗೆ ಬಿತ್ತು. ಹಾಲಿಗೆಂದು ಡೈರಿಗೆ ಬಂದವಳು ಪಾತ್ರೆ ಕೆಳಗಿಟ್ಟು ಕೇಳಿದಳು. ಇವಳು ಗೊರಕೆಯ ಕಥೆಯನ್ನೆಲ್ಲ ನಗೆಚಾಟಿಕೆಯಂತೆ ಹೇಳಿದಳು. ನರ್ಸಮ್ಮ ನಗಲಿಲ್ಲ.

"ಜೋರು ಗೊರಕೆ, ಹಗಲು ತೂಕಡಿಕೆ. ನಿದ್ದೇಲಿ ಉಸಿರು ನಿಂತು ನಿಂತು ಬರೋ ಕಾಯಿಲೆ ಇದ್ದರೂ ಇರಬಹುದು ಕಣಮ್ಮ. ಒಂದು ರಾತ್ರಿಯ ಸದ್ದು ಫೋನಲ್ಲಿ ಹಿಡಿದು ಡಾಕ್ಟರಿಗೆ ಕೇಳಿಸು. ಅಲ್ಲೀತನಕ ಗಾಡಿ ಮುಟ್ಟೋಕೆ ಬಿಡಬೇಡ."

ಅದಕ್ಕೇ ಕೀ ಡ್ರಾಯರು ಸೇರಿದ್ದು. "ಡಾಕ್ಟರ ಚೀಟಿ ತರೋವರೆಗೂ ಕ್ಯಾನು ತೊಳೀಲಿ" ಎಂದಿದ್ದರು ಮ್ಯಾನೇಜರು. "ಚೀಟಿ ಬರದಿದ್ರೆ ವ್ಯಾನು ಬೇರೆಯವರಿಗೆ. ನಿನ್ನ ಹೆಸರು ಹೇಳಲ್ಲ, ಹೋಗು."

ಅವಳಿಗೂ ಅದೇ ಡೈರಿಯಲ್ಲಿ ಹಾಲು ಪರೀಕ್ಷೆಯ ಕೆಲಸ. ಕ್ಯಾನಿನ ಮುಚ್ಚಳದ ನಂಬರು ನೋಡಿ, ಬಾಟಲಿಗೆ ಚೀಟಿ ಅಂಟಿಸಿ, ಆಮೇಲೆ ಹಾಲು ತುಂಬುವುದು. ಹಿಂದೊಮ್ಮೆ ಮುಚ್ಚಳ ಅದಲುಬದಲಾಗಿ, ನೀರು ಬೆರೆಸಿದವರನ್ನು ಬಿಟ್ಟು ಬೆರೆಸದವರನ್ನು ಎಲ್ಲರೆದುರು ಬೈದಿದ್ದಳು. ಜನ ನಕ್ಕಿದ್ದಕ್ಕೆ ಎರಡು ದಿನ ಊಟ ಬಿಟ್ಟು ಅತ್ತಿದ್ದಳು. ಸಮಾಧಾನ ಮಾಡುವಷ್ಟರಲ್ಲಿ ಗಂಡನಿಗೆ ಸಾಕುಬೇಕಾಗಿತ್ತು.

ಕೀ ಕಾಣೆಯಾದ ದಿನ ಪರೀಕ್ಷೆಯ ಕಿಟಕಿಯಿಂದ, ಕ್ಯಾನು ತೊಳೆಯುತ್ತಿದ್ದ ಅವನ ಬಗ್ಗಿದ ಬೆನ್ನು ಕಾಣುತ್ತಿತ್ತು. "ಡ್ರೈವರ್ ಸಾಹೇಬ್ರೇ, ಕ್ಯಾನೊಳಗೇ ಮಲಗಿಬಿಟ್ಟೀರಿ, ಮುಚ್ಚಳ ಹಾಕಿ ಕಳಿಸ್ತೀವಿ!" ಎಂದು ಕೂಗಿದ ಒಬ್ಬ. ಎಲ್ಲರೂ ನಕ್ಕರು. ಅವನೂ ನಕ್ಕ. ಅವಳ ಕೈಯ ಬಾಟಲಿ ತುಂಬಿ ಚೆಲ್ಲಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನೇ ಹೇಳಿದ. "ಮ್ಯಾನೇಜರಿಗೆ ಯಾರು ಹೇಳಿದ್ರೋ ಏನೋ. ಒಳ್ಳೇದೇ ಮಾಡಿದ್ರು. ಸೇತುವೆ ಹತ್ರ ನಾಯಿ ಇರಲಿಲ್ಲ ಕಣೇ."

ಅವಳು ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅವತ್ತು ಮಲಗುವ ಮುಂಚೆ ಫೋನನ್ನು ತಲೆದೆಸೆಯ ಕಿಟಕಿಯಲ್ಲಿ ಬಚ್ಚಿಟ್ಟಳು. ಬೆಳಗ್ಗೆ ತೆಗೆದವಳು, ಕೈಯ ಅಭ್ಯಾಸಕ್ಕೆ, ಅದರ ಬೆನ್ನಿಗೊಂದು ಚೀಟಿ ಅಂಟಿಸಿದಳು. ಗಂಡನ ಹೆಸರು, ವಯಸ್ಸು, ತಾರೀಖು.

ಅವನು ತಕರಾರು ಮಾಡದೆ ಆರೋಗ್ಯ ಕೇಂದ್ರಕ್ಕೆ ಹೊರಟ. "ಡಾಕ್ಟರ ಹತ್ರ ನನಗೂ ಒಂದು ಮಾತು ಕೇಳೋದಿತ್ತು" ಎಂದಷ್ಟೇ ಹೇಳಿದ. ಕೇಳುವ ಮೊದಲೇ ಹೊರಗಿನ ಬೆಂಚಿನಲ್ಲಿ ಗೋಡೆಗೆ ತಲೆಯಾನಿಸಿ ನಿದ್ದೆಹೋದ.

ಡಾಕ್ಟರು ಬಾಗಿಲಿನಿಂದ ಇಣುಕಿ ನೋಡಿದರು. "ಇವರೇನಾ? ಸದ್ದೇ ಇಲ್ಲವಲ್ಲಮ್ಮ."

"ಕೂತಾಗ ಬರಲ್ಲ ಸಾರ್. ಮಲಗಿದ್ರೆ ನೋಡಬೇಕು ನೀವು."

ಅವರು ಫೋನಿನ ಚೀಟಿ ಓದಿ, ಹಾಳೆಯಲ್ಲಿ ಹೆಸರು ಬರೆದುಕೊಂಡು, ಗುಂಡಿ ಒತ್ತಿದರು. ಗರಗಸ ಶುರುವಾಯಿತು. ಸಣ್ಣ ಕೋಣೆಯ ಗಾಜಿನ ಲೋಟ ಕೂಡ ನಡುಗುವಂಥ ಸದ್ದು. ಗಂಡನ ಮಾನವನ್ನು ಮತ್ತೊಮ್ಮೆ ಹರಾಜಿಗಿಟ್ಟಂತಾಗಿ ಅವಳು ತಲೆ ತಗ್ಗಿಸಿದಳು.

ಸದ್ದು ಥಟ್ಟನೆ ನಿಂತಿತು.

ಡಾಕ್ಟರು ಗಡಿಯಾರ ನೋಡಿದರು. ಹತ್ತು ಸೆಕೆಂಡು. ಇಪ್ಪತ್ತು. ಉಸಿರಿಲ್ಲ. ಅವಳು ಹೆದರಿ ಹೊರಗೆ ನೋಡಿದಳು. ಬೆಂಚಿನಲ್ಲಿ ಗಂಡನ ಎದೆ ನಿಧಾನವಾಗಿ, ಸಮನಾಗಿ ಏರಿಳಿಯುತ್ತಿತ್ತು.

ಫೋನಿನಲ್ಲಿ ಮಂಚ ಕಿರುಗುಟ್ಟಿತು. ಬೆನ್ನಿಗೇ ಗಂಡನ ದನಿ, ಒಂದಿಷ್ಟೂ ನಿದ್ದೆಯಿಲ್ಲದ ದನಿ: "ಏಯ್, ಉಸಿರು ತಗೋ ಕಣೇ... ತಗೋ... ಹಾಂ, ಬಂತು. ಇನ್ನು ಮಲಗು, ನಾನು ಎದ್ದಿದೀನಿ."