ಅತಿವೇಗ ಮತ್ತು ಅಜಾಗರೂಕತೆ

“...ಆರೋಪಿಯು ಸದರಿ ರೋಡ್ ರೋಲರನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಹಿಂದಕ್ಕೆ ಚಲಾಯಿಸಿಕೊಂಡು ಬಂದು, ನಿಂತಿದ್ದ ಸ್ಕೂಟರಿಗೆ ಡಿಕ್ಕಿ ಹೊಡೆದಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ” ಎಂದು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ ಕೋರ್ಟಿನ ಟೈಪಿಸ್ಟಮ್ಮ ನಾಲಿಗೆ ಕಚ್ಚಿಕೊಂಡರು. ಸಾಕ್ಷಿ ಹೇಳಿದ್ದು ಇದಲ್ಲ!

ಸಾಕ್ಷಿ ಒಬ್ಬ ವಾಚ್ ರಿಪೇರಿಯವನು. ಅರ್ಧ ಗಂಟೆಯ ಹಿಂದೆ ಇದೇ ಕಟಕಟೆಯಲ್ಲಿ ನಿಂತು ಅವನು ಹೇಳಿದ್ದು ಇಷ್ಟು: “ನಾನು ಒಂದು ವಾಚಿನ ಮುಚ್ಚಳ ಬಿಚ್ಚಿದೆ, ಸೆಲ್ ಬದಲಾಯಿಸಿದೆ, ಮತ್ತೆ ಮುಚ್ಚಿದೆ. ತಲೆ ಎತ್ತಿ ನೋಡಿದ್ರೆ ರೋಲರ್ ಇನ್ನೂ ಬರ್ತಾನೇ ಇತ್ತು. ಮೆಲ್ಲಗೆ ಸ್ಕೂಟರಿಗೆ ತಾಗ್ತು. ಆಮೇಲೆ ಸ್ಕೂಟರ್ ಇರ್ಲಿಲ್ಲ, ಸ್ವಾಮಿ.”

ಆ ಕೋರ್ಟಿಗೆ ಬರುವುದೆಲ್ಲ ಗಾಡಿಗಳ ಕೇಸು. ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂದು ದಿನಕ್ಕೆ ನಲವತ್ತು ಸಲ ಹೊಡೆದು ಬೆರಳು ಸವೆದಿದ್ದರಿಂದ, ಟೈಪಿಸ್ಟಮ್ಮ ಆ ಇಡೀ ಸಾಲನ್ನು ಕಂಪ್ಯೂಟರಿನ ಒಂದೇ ಗುಂಡಿಗೆ ಕಟ್ಟಿಟ್ಟಿದ್ದರು. ಸಾಕ್ಷಿಯ ಮಾತನ್ನು ಬರೆಸಲು ಜಡ್ಜ್ ಸಾಹೇಬರು ‘ರೋಲರ್’ ಎಂದು ಬಾಯಿ ತೆರೆಯುವಷ್ಟರಲ್ಲಿ ಬೆರಳು ತನ್ನ ಪಾಡಿಗೆ ಆ ಗುಂಡಿಯನ್ನು ಒತ್ತಿತ್ತು. ಈಗ ತಿದ್ದಿಬಿಡೋಣ ಎಂದು ಟೈಪಿಸ್ಟಮ್ಮ ಏಳುವ ಮೊದಲೇ ವಾಚಿನವನು “ಸರಿಯಾಗಿದೆ” ಎಂದು ತಲೆಯಾಡಿಸಿಬಿಟ್ಟ.

ರೋಲರ್ ಡ್ರೈವರನ ಪರ ವಕೀಲೆಗೆ ನಗು ತಡೆಯಲಾಗಲಿಲ್ಲ. “ರೋಡ್ ರೋಲರ್ ಅತಿವೇಗದಲ್ಲಿ ಬಂತಾ ಯಜಮಾನರೇ?”

“ಹೌದಮ್ಮ. ಈಗ ಓದಿದ್ರಲ್ಲ.”

“ಓದಿದ್ದು ಬಿಡಿ. ನೀವು ಕಂಡಿದ್ದು ಹೇಳಿ.”

ವಾಚಿನವನು ಕಣ್ಣು ಮುಚ್ಚಿ ನೆನಪಿಸಿಕೊಂಡ. ಮುಖದಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ. “ಕಂಡಿದ್ದೇ. ರೊಯ್ಯಂತ ಬಂತು. ಧೂಳು ಎದ್ದು ಎದುರುಗಡೆ ಅಂಗಡಿ ಕಾಣಿಸ್ಲಿಲ್ಲ. ನನ್ನ ಮೇಜಿನ ಮೇಲಿದ್ದ ಸಣ್ಣ ಸ್ಕ್ರೂಗಳೆಲ್ಲ ಹಾರಿಹೋದ್ವು. ಮೂವತ್ತು ಕಿಲೋಮೀಟರ್ ಸ್ಪೀಡಿಗೆ ಮೋಸ ಇಲ್ಲ.”

ಟೈಪಿಸ್ಟಮ್ಮ ಎದ್ದೇ ನಿಂತರು. “ಸ್ವಾಮಿ, ತಪ್ಪು ನನ್ನದು. ಅವರು ‘ಮೆಲ್ಲಗೆ’ ಅಂದಿದ್ರು. ನಾನೇ ಗುಂಡಿ ಒತ್ತಿ...”

“ಏನಮ್ಮ, ಅಲ್ಲಿ ಇದ್ದಿದ್ದು ನಾನೋ ನೀನೋ?” ವಾಚಿನವನಿಗೆ ನಿಜವಾಗಿಯೂ ನೋವಾಗಿತ್ತು. “ಸೆಕೆಂಡಿನ ಮುಳ್ಳು ನೋಡಿ ಬದುಕೋನು ನಾನು. ನಂಗೇ ವೇಗ ಹೇಳ್ಕೊಡ್ತೀಯಾ?”

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಸ್ಕ್ರೂ ಹಾರಿದ್ದನ್ನೂ ನೆನಪಿಟ್ಟುಕೊಂಡ ಇಂಥ ಸಾಕ್ಷಿ ಅವರಿಗೆ ಈಚೆಗೆ ಸಿಕ್ಕಿರಲಿಲ್ಲ. “ಪ್ರಮಾಣ ಮಾಡಿದವರು ಅವರು, ನೀವಲ್ಲಮ್ಮ. ಬರೆದದ್ದು ತಪ್ಪು ಅಂತಿದ್ರೆ ಆರೋಪಿನೇ ಸಹಿ ಹಾಕಿ ಅರ್ಜಿ ಕೊಡಲಿ. ಇವತ್ತು ಸಂಜೆಯೊಳಗೆ. ಇಲ್ಲದಿದ್ರೆ ಇದೇ ಖಾಯಂ.”

ಖಾಯಂ ಆದರೆ ಡ್ರೈವರನ ಲೈಸೆನ್ಸ್ ಹೋಗುತ್ತದೆ, ಅದರ ಹಿಂದೆಯೇ ಕೆಲಸವೂ. ಟೈಪಿಸ್ಟಮ್ಮ ಊಟ ಬಿಟ್ಟು ಅರ್ಜಿಯನ್ನು ತಾವೇ ಟೈಪ್ ಮಾಡಿದರು. ಈ ಸಲ ಒಂದೊಂದೇ ಅಕ್ಷರ ಒತ್ತಿ, ‘ಮೆಲ್ಲಗೆ’ ಎನ್ನುವುದನ್ನು ಎರಡು ಸಲ ಓದಿಕೊಂಡು. ವರಾಂಡದ ಬೆಂಚಿನ ಮೇಲೆ ಡ್ರೈವರ್ ಒಬ್ಬನೇ ಕೂತಿದ್ದ. ದಪ್ಪ ಮೈ, ಡಾಂಬರು ಹಿಡಿದ ಉಗುರು, ಯಾರಿಗೂ ಎದುರು ಮಾತಾಡಿ ಅಭ್ಯಾಸವಿಲ್ಲದ ಮುಖ.

“ಇಲ್ಲಿ ಸಹಿ ಹಾಕಿಬಿಡಪ್ಪ. ನಿನ್ನ ಗಾಡಿ ನಾಲ್ಕು ಕಿಲೋಮೀಟರ್ ದಾಟಲ್ಲ ಅಂತ ಬರೆದಿದ್ದೀನಿ. ನಿನ್ನ ವಕೀಲರೂ ನೋಡಿದ್ದಾರೆ.”

ಅವನು ಪೆನ್ನು ತೆಗೆದುಕೊಂಡ. ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದ. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು.

“ಅಕ್ಕ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸೈಕಲ್ಲನ್ನೂ ನಾನು ಹಿಂದೆ ಹಾಕಿದೋನಲ್ಲ.”

“ಅದಕ್ಕೇ ಹೇಳ್ತಿರೋದು, ಹಾಕು ಸಹಿ.”

“ಆದ್ರೆ ಅವತ್ತು...” ಅವನ ಕಣ್ಣಲ್ಲಿ ಏನೋ ಮಿಂಚಿತು. ಬೆನ್ನು ತಾನಾಗಿ ನೆಟ್ಟಗಾಯಿತು. “ಬೆನ್ನಿಗೆ ಗಾಳಿ ರಪರಪ ಬಡೀತಿತ್ತು ಅಕ್ಕ. ಈಗ ಜ್ಞಾಪಕ ಬರ್ತಿದೆ.”

ಪೆನ್ನಿಗೆ ಮುಚ್ಚಳ ಹಾಕಿ ಅವರ ಕೈಗೇ ವಾಪಸು ಕೊಟ್ಟ.

“ಸುಳ್ಳಿಗೆ ಸಹಿ ಹಾಕೋದು ಹೇಗೆ, ಹೇಳಿ?”